ಬ್ಲೇಡು, ಟೇಪು ಮತ್ತು ಡೆಲಿಯಾ ಡರ್ಬಿಶೈರ್

1963ರಲ್ಲಿ ಲಂಡನ್ನಿನ ಮೈಡಾ ವೇಲ್ ಸ್ಟುಡಿಯೋದ ಒಂದು ಕೋಣೆಯಲ್ಲಿ ತಂತಿಯೊಂದನ್ನು ಮೀಟಿ, ಅದರ ಸದ್ದನ್ನು ಟೇಪಿಗೆ ಇಳಿಸಿಕೊಂಡರು. ಬಿಬಿಸಿಯ ‘ಡಾಕ್ಟರ್ ಹೂ’ ಧಾರಾವಾಹಿಯ ಶೀರ್ಷಿಕೆ ಸಂಗೀತದಲ್ಲಿ ತಳದಲ್ಲೇ ಓಡುವ ಆ ದಡದಡ ನಡೆ ಇದೆಯಲ್ಲ, ಅದು ಹುಟ್ಟಿದ್ದು ಈ ಒಂದು ಮೀಟಿನಿಂದ. ಆ ಸ್ವರಗಳನ್ನು ಯಾರೂ ಒಂದರ ಹಿಂದೊಂದು ನುಡಿಸಲಿಲ್ಲ. ಒಂದೊಂದು ಸ್ವರಕ್ಕೂ ಟೇಪಿನ ವೇಗ ಬದಲಿಸಿ, ಪ್ರತಿ ತೆಗೆದು, ಬೇಕಾದಷ್ಟೇ ಉದ್ದಕ್ಕೆ ಬ್ಲೇಡಿನಿಂದ ಕತ್ತರಿಸಿ, ತುಂಡಿಗೆ ತುಂಡು ಅಂಟಿಸಿ ಕಟ್ಟಿದ್ದು. ಕಟ್ಟಿದವರು ಡೆಲಿಯಾ ಡರ್ಬಿಶೈರ್. ಆಗ ಅವರಿಗೆ 26 ವರ್ಷ. ಜೊತೆಗಿದ್ದು ಕೈಜೋಡಿಸಿದವರು ಡಿಕ್ ಮಿಲ್ಸ್.

ಪ್ರಾಯೋಗಿಕ ಎಲೆಕ್ಟ್ರಾನಿಕ್ ಸಂಗೀತದ ಮಾತು ಬಂದಾಗಲೆಲ್ಲ ಒಂದು ಆಕ್ಷೇಪ ಬಂದೇ ಬರುತ್ತದೆ: ಇದರಲ್ಲಿ ಯಂತ್ರದ ಚಮತ್ಕಾರ ಬಹಳ, ಸಂಗೀತ ಕಡಿಮೆ. ಆ ಸಂಗೀತ ಮಾಡುವವರಲ್ಲೂ ಒಂದು ಪಾಲು ಜನ ಈ ಆಕ್ಷೇಪಕ್ಕೆ ಇಂಬು ಕೊಡುವ ಹಾಗೆಯೇ ಮಾತಾಡುತ್ತಾರೆ. ಯಾವ ಫಿಲ್ಟರ್ ಬಳಸಿದೆ, ಯಾವ ಪ್ಲಗಿನ್ ಕೊಂಡೆ, ಮಿಕ್ಸ್ ಎಷ್ಟು ಚೊಕ್ಕಟವಾಗಿ ಬಂತು ಎಂಬಲ್ಲಿಗೆ ಅವರ ಮಾತು ಮುಗಿಯುತ್ತದೆ. ಎರಡೂ ಕಡೆಯವರು ತಂತ್ರವನ್ನು ಒಂದು ತಟ್ಟೆಯಲ್ಲಿ, ಸಂಗೀತವನ್ನು ಇನ್ನೊಂದು ತಟ್ಟೆಯಲ್ಲಿ ಇಟ್ಟು ತೂಗುವವರೇ. ಡೆಲಿಯಾ ಕೆಲಸ ಮಾಡಿದ ಬಗೆಯನ್ನು ಹತ್ತಿರದಿಂದ ನೋಡಿದರೆ ಹಾಗೆ ತೂಗುವುದೇ ಸರಿಯಲ್ಲ ಅನ್ನಿಸುತ್ತದೆ. ಈ ಸ್ವರ ಎಷ್ಟು ಹೊತ್ತು ನಿಲ್ಲಬೇಕು, ಮುಂದಿನದಕ್ಕೆ ಹೇಗೆ ಸರಿಯಬೇಕು, ಎಲ್ಲಿ ಒತ್ತಬೇಕು, ಎಲ್ಲಿ ಬಿಡಬೇಕು ಎಂದು ಹಾಡುಗಾರರು ಹಾಡುತ್ತ ಹಾಡುತ್ತಲೇ ತೀರ್ಮಾನಿಸುತ್ತಾರೆ. ಅವೇ ತೀರ್ಮಾನಗಳನ್ನು ಈಕೆ ಒಂದೊಂದಾಗಿ ಅಳೆದು, ಕತ್ತರಿಸಿ, ಕೇಳಿ, ಮತ್ತೆ ಅಳೆದು ತೆಗೆದುಕೊಂಡರು. ತಂತ್ರದ ಒಂದೊಂದು ಹೆಜ್ಜೆಯಲ್ಲೂ ಸಂಗೀತದ ಪ್ರಶ್ನೆಯೊಂದು ಎದುರಾಗುತ್ತಿತ್ತು, ಅದಕ್ಕೆ ಕಿವಿಯೇ ಉತ್ತರ ಹೇಳಬೇಕಿತ್ತು.

ಆ ಕೋಣೆ ಇದ್ದದ್ದು ಬಿಬಿಸಿ ರೇಡಿಯೋಫೋನಿಕ್ ವರ್ಕ್‌ಶಾಪಿನಲ್ಲಿ. 1958ರಲ್ಲಿ ಡ್ಯಾಫ್ನಿ ಓರಮ್ ಮತ್ತು ಡೆಸ್ಮಂಡ್ ಬ್ರಿಸ್ಕೋ ಅವರ ಒತ್ತಾಯದಿಂದ ಅದು ಶುರುವಾಯಿತು. ರೇಡಿಯೋ ನಾಟಕಗಳಿಗೆ ಮಾಮೂಲಿ ವಾದ್ಯಗಳಿಂದ ಹೊರಡದ ಸದ್ದು ಬೇಕಿತ್ತು: ಮನಸ್ಸಿನೊಳಗಿನ ಗೊಂದಲದ ಸದ್ದು, ಕನಸಿನ ಸದ್ದು, ಬೇರೆ ಲೋಕದ ಸದ್ದು. ಅದನ್ನು ಒದಗಿಸುವುದು ವರ್ಕ್‌ಶಾಪಿನ ಕೆಲಸ. ಬಿಬಿಸಿಯ ಸಂಗೀತ ವಿಭಾಗ ಇದರಿಂದ ದೂರವೇ ಉಳಿಯಿತು. ಅಲ್ಲಿ ದುಡಿಯುತ್ತಿದ್ದವರು ಲೆಕ್ಕಕ್ಕೆ ಸ್ಟುಡಿಯೋ ಸಿಬ್ಬಂದಿ, ಸಂಗೀತ ಸಂಯೋಜಕರಲ್ಲ. ಅದೇ ಹೊತ್ತಿಗೆ ಪ್ಯಾರಿಸ್ಸಿನಲ್ಲಿ, ಜರ್ಮನಿಯ ಕಲೋನ್‌ನಲ್ಲಿ ರೇಡಿಯೋ ಕೇಂದ್ರಗಳ ಸ್ಟುಡಿಯೋಗಳು ಹೊಸ ಸಂಗೀತದ ಪ್ರಯೋಗಶಾಲೆಗಳೆಂದು ಹೆಸರು ಮಾಡಿದ್ದವು. ಪ್ಯಾರಿಸ್ಸಿನ ಪಿಯೆರ್ ಶೆಫರ್ 1948ರಿಂದ ರೈಲು, ಗಂಟೆ, ಪಾತ್ರೆಪಗಡಗಳ ಸದ್ದನ್ನು ಮುದ್ರಿಸಿ, ತುಂಡರಿಸಿ, ಜೋಡಿಸಿ ಸಂಗೀತ ಮಾಡುತ್ತಿದ್ದರು. ಕಲೋನ್‌ನಲ್ಲಿ ಸಂಯೋಜಕ ಸ್ಟಾಕ್‌ಹೌಸನ್ 1954ರ ತಮ್ಮ ಕೃತಿಯೊಂದನ್ನು ಆಸಿಲೇಟರ್ ಎಂಬ ವಿದ್ಯುತ್ ಉಪಕರಣದಿಂದ ಹೊರಟ ಶುದ್ಧ ಸ್ವರಗಳನ್ನೇ ಬೆರೆಸಿ ಕಟ್ಟಿದ್ದರು. ಮೈಡಾ ವೇಲ್‌ನಲ್ಲಿ ಅಂಥ ಸಿದ್ಧಾಂತದ ಹೊರೆ ಇರಲಿಲ್ಲ. ಇಂಥ ದಿನದೊಳಗೆ ಇಷ್ಟು ಸೆಕೆಂಡು ಸದ್ದು ಬೇಕು ಎಂಬ ಬೇಡಿಕೆ ಇತ್ತು, ಅಷ್ಟೆ. ಉಪಕರಣಗಳಲ್ಲಿ ಬಹುಪಾಲು ಎಂಜಿನಿಯರುಗಳು ರೇಡಿಯೋ ಪರೀಕ್ಷೆಗೆ ಬಳಸುವಂಥವು. ಕೀಬೋರ್ಡಿನಿಂದ ನುಡಿಸಬಹುದಾದ ಸಿಂಥಸೈಸರನ್ನು ರಾಬರ್ಟ್ ಮೂಗ್ ಅಮೆರಿಕದಲ್ಲಿ ಜನರ ಮುಂದಿಟ್ಟದ್ದು 1964ರಲ್ಲಿ, ಅಂದರೆ ಡಾಕ್ಟರ್ ಹೂ ಸಂಗೀತ ಪ್ರಸಾರವಾದ ಮರುವರ್ಷ.

ಡೆಲಿಯಾ ಹುಟ್ಟಿದ್ದು 1937ರಲ್ಲಿ, ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ. 1940ರ ನವೆಂಬರಿನಲ್ಲಿ ಜರ್ಮನ್ ವಿಮಾನಗಳು ಆ ಊರನ್ನು ಸುಟ್ಟಾಗ ಅವರಿಗೆ ಮೂರು ವರ್ಷ. ವಿಮಾನದಾಳಿಯ ಸೈರನ್ನೇ ತಾನು ಕೇಳಿದ ಮೊದಲ ಎಲೆಕ್ಟ್ರಾನಿಕ್ ಸಂಗೀತ ಎಂಬರ್ಥದ ಮಾತನ್ನು ಅವರು ಮುಂದೆ ಆಡಿದ್ದುಂಟು. ಮೇಲೇರಿ ಕೆಳಗಿಳಿಯುವ, ಯಾವ ವಾದ್ಯದ್ದೂ ಅಲ್ಲದ ಆ ಕೂಗು ಮಗುವಿನ ಕಿವಿಯಲ್ಲಿ ಕೂತುಬಿಟ್ಟಿರಬೇಕು. ಅವರು ಮುಂದೆ ಮಾಡಿದ ಅನೇಕ ಸ್ವರಗಳು ಹಾಗೆಯೇ ಏರುತ್ತವೆ, ಇಳಿಯುತ್ತವೆ. ಕೇಂಬ್ರಿಜ್‌ನ ಗರ್ಟನ್ ಕಾಲೇಜಿನಲ್ಲಿ ಗಣಿತವನ್ನೂ ಸಂಗೀತವನ್ನೂ ಓದಿದರು. 1959ರಲ್ಲಿ ಡೆಕ್ಕಾ ರೆಕಾರ್ಡಿಂಗ್ ಕಂಪನಿಗೆ ಅರ್ಜಿ ಹಾಕಿದಾಗ, ಸ್ಟುಡಿಯೋ ಕೆಲಸಕ್ಕೆ ಹೆಂಗಸರನ್ನು ತೆಗೆದುಕೊಳ್ಳುವುದಿಲ್ಲ ಎಂಬ ಉತ್ತರ ಬಂತು. 1960ರಲ್ಲಿ ಬಿಬಿಸಿ ಸೇರಿ, 1962ರಲ್ಲಿ ತಾವೇ ಕೇಳಿಕೊಂಡು ವರ್ಕ್‌ಶಾಪಿಗೆ ಬಂದರು. ಅವರ ಕೈಯಲ್ಲಿ ಲಾಗರಿದಮ್ ಕೋಷ್ಟಕಗಳ ಪುಸ್ತಕ ಇರುತ್ತಿತ್ತು ಎಂದು ಜೊತೆಯವರು ನೆನೆಯುತ್ತಾರೆ. ಸಂಗೀತ ಮಾಡುವವರ ಕೈಯಲ್ಲಿ ಅದೇಕೆ ಎಂಬುದು ಟೇಪಿನ ಕೆಲಸ ಹೇಗೆಂದು ತಿಳಿದರೆ ಗೊತ್ತಾಗುತ್ತದೆ.

ಸ್ಟುಡಿಯೋ ಟೇಪು ಸೆಕೆಂಡಿಗೆ 15 ಇಂಚು ಓಡುತ್ತದೆ, ಅಂದರೆ 38 ಸೆಂಟಿಮೀಟರು. ಆದ್ದರಿಂದ ಅಲ್ಲಿ ಕಾಲವನ್ನು ಸ್ಕೇಲು ಇಟ್ಟು ಅಳೆಯಬಹುದು. ಅರ್ಧ ಸೆಕೆಂಡಿನ ಒಂದು ಅಕ್ಷರಕಾಲ ಬೇಕಿದ್ದರೆ 19 ಸೆಂಟಿಮೀಟರು ಟೇಪು ಬೇಕು. ಅದನ್ನು ತಿಶ್ರದಲ್ಲಿ ಮೂರು ಪಾಲು ಮಾಡಿದರೆ ಒಂದೊಂದು ಪಾಲು 6 ಸೆಂಟಿಮೀಟರಿಗಿಂತ ಚೂರು ಹೆಚ್ಚು. ಸೆಕೆಂಡಿನ ನೂರನೇ ಒಂದು ಭಾಗ ಸುಮಾರು 4 ಮಿಲಿಮೀಟರು. ಇಷ್ಟು ಸಣ್ಣ ವ್ಯತ್ಯಾಸ ಲಯದಲ್ಲಿ ಗೊತ್ತಾಗುತ್ತದೆಯೇ ಎಂದು ಮೃದಂಗದವರನ್ನು ಕೇಳಿ ನೋಡಿ. ಕಾಲವನ್ನು ಬೆರಳುಗಳ ನಡುವೆ ಹಿಡಿದು, ಮೇಣದ ಪೆನ್ಸಿಲಿನಿಂದ ಗುರುತು ಹಾಕಿ, ಚೂರು ತೆಗೆಯಬಹುದು, ಚೂರು ಸೇರಿಸಬಹುದು ಎಂಬ ಸಂಗತಿ ಆ ದಿನಗಳಲ್ಲಿ ಎಷ್ಟು ಹೊಸದಾಗಿತ್ತೆಂದು ಈಗ ಊಹಿಸುವುದು ಕಷ್ಟ.

ಇನ್ನು ಶ್ರುತಿ. ಟೇಪನ್ನು ಎರಡು ಪಟ್ಟು ವೇಗವಾಗಿ ಓಡಿಸಿದರೆ ಸ್ವರ ಒಂದು ಸ್ಥಾಯಿ ಮೇಲೇರುತ್ತದೆ. ನಡುವಿನ ಸ್ವರಗಳಿಗೆ ನಡುವಿನ ವೇಗಗಳು ಬೇಕು. ಪಾಶ್ಚಾತ್ಯ ಪದ್ಧತಿಯ ಸಮ ಹಂಚಿಕೆಯಲ್ಲಿ ಒಂದು ಅರೆಸ್ವರ ಏರಬೇಕಾದರೆ ವೇಗವನ್ನು ಸುಮಾರು 1.06ರಿಂದ ಗುಣಿಸಬೇಕು, ಮೂರು ಅರೆಸ್ವರಕ್ಕೆ ಸುಮಾರು 1.19ರಿಂದ. ಹನ್ನೆರಡು ಹೆಜ್ಜೆಗೆ ಎರಡು ಪಟ್ಟಾಗುವ ಈ ಗುಣಾಕಾರಕ್ಕೆ ಲಾಗರಿದಮ್ ಕೋಷ್ಟಕವೇ ಸುಲಭದ ಹಾದಿ. ಆದರೆ ವೇಗ ಹೆಚ್ಚಿಸಿದಾಗ ಸ್ವರ ಮೇಲೇರುವುದರ ಜೊತೆಗೆ ಮೊಟಕೂ ಆಗುತ್ತದೆ. ಒಂದು ಸೆಕೆಂಡಿನ ಸದ್ದು ಮೂರು ಅರೆಸ್ವರ ಏರಿದರೆ 0.84 ಸೆಕೆಂಡಿಗೆ ಇಳಿಯುತ್ತದೆ. ಮೀಟಿದ ಕ್ಷಣದ ಪೆಟ್ಟು ಇನ್ನಷ್ಟು ಚೂಪಾಗುತ್ತದೆ, ಸ್ವರ ಕರಗುವ ಬಾಲ ಗಿಡ್ಡವಾಗುತ್ತದೆ. ನಿಧಾನ ಮಾಡಿದರೆ ತದ್ವಿರುದ್ಧ: ಪೆಟ್ಟು ಮೊಂಡಾಗಿ, ಮೈ ದಪ್ಪವಾಗಿ, ಬಾಲ ಎಳೆದುಕೊಂಡು ಹೋಗುತ್ತದೆ. ಹೀಗೆ ಒಂದೇ ತಂತಿಯಿಂದ ಹೊರಟ ಸ್ವರಗಳು ಒಂದಕ್ಕೊಂದು ಸಂಬಂಧಿಗಳಾಗಿದ್ದೂ ಬೇರೆ ಬೇರೆ ಸ್ವಭಾವದವು. ಅವುಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿ ಒಂದೇ ವಾದ್ಯದ ನಡೆಯಂತೆ ಕೇಳಿಸಬೇಕು. ಯಾವುದನ್ನು ಎಲ್ಲಿ ಕತ್ತರಿಸಬೇಕು, ಎಷ್ಟು ಬಾಲ ಉಳಿಸಬೇಕು, ಯಾವುದರ ಮಟ್ಟ ಏರಿಸಬೇಕು ಎಂದು ಕೋಷ್ಟಕದಲ್ಲಿ ಬರೆದಿರುವುದಿಲ್ಲ.

ಕತ್ತರಿಸುವುದರಲ್ಲೂ ಒಂದು ಸೂಕ್ಷ್ಮ ಇದೆ. ಬ್ಲೇಡನ್ನು ಟೇಪಿಗೆ ನೇರ ಅಡ್ಡವಾಗಿ ಇಟ್ಟು ಕೊಯ್ದರೆ ಹೊಸ ಸದ್ದು ಥಟ್ಟನೆ ಶುರುವಾಗುತ್ತದೆ. ಓರೆಯಾಗಿ ಕೊಯ್ದರೆ ಹಳೆಯದು ಸರಿಯುತ್ತಿರುವಾಗಲೇ ಹೊಸದು ಒಳಬರುತ್ತದೆ. ಕಾಲು ಇಂಚು ಅಗಲದ ಟೇಪನ್ನು 45 ಡಿಗ್ರಿ ಓರೆಯಲ್ಲಿ ಕೊಯ್ದರೆ ಈ ಬೆರಕೆ ನಡೆಯುವುದು ಸೆಕೆಂಡಿನ ಅರುವತ್ತನೇ ಒಂದು ಭಾಗದಷ್ಟು ಹೊತ್ತು. ಕಿವಿಗೆ ಅದು ಬೆರಕೆಯೆಂದು ತಿಳಿಯುವುದಿಲ್ಲ, ಸ್ವರ ಮೆತ್ತಗೆ ಹುಟ್ಟಿತು ಎಂದಷ್ಟೇ ತಿಳಿಯುತ್ತದೆ. ವೀಣೆಯಲ್ಲಿ ಉಗುರಿನ ಕೋನ ಮಾಡುವ ಕೆಲಸವನ್ನು ಇಲ್ಲಿ ಬ್ಲೇಡಿನ ಕೋನ ಮಾಡುತ್ತದೆ. ವಿರಾಮ ಬೇಕಾದಲ್ಲಿ ಕಾಂತದ ಲೇಪವಿಲ್ಲದ ಖಾಲಿ ಟೇಪನ್ನು ಅಳೆದು ನಡುವೆ ಅಂಟಿಸುತ್ತಿದ್ದರು. ಮೌನಕ್ಕೂ ಉದ್ದ ಇತ್ತು.

ಈ ಶೀರ್ಷಿಕೆ ಸಂಗೀತದ ಮಟ್ಟು ಹಾಕಿದವರು ಆಸ್ಟ್ರೇಲಿಯಾದಲ್ಲಿ ಹುಟ್ಟಿ ಲಂಡನ್ನಿನಲ್ಲಿ ನೆಲೆಸಿದ್ದ ರಾನ್ ಗ್ರೇನರ್. ಅವರು ಕೊಟ್ಟದ್ದು ಒಂದೇ ಹಾಳೆಯ ಸ್ವರಲಿಪಿ. ಅದರ ಮೇಲೆ ಗಾಳಿಗುಳ್ಳೆ, ಮೋಡ, ಬೀಸು ಎಂಬಂಥ ಸೂಚನೆಗಳು. ಮೋಡವೆಂದರೆ ಯಾವ ಸದ್ದು? ಎಲ್ಲ ಆವರ್ತನಗಳೂ ಬೆರೆತ ‘ಶ್’ ಎಂಬ ಬಿಳಿ ಸದ್ದನ್ನು ತೆಗೆದುಕೊಂಡು, ಫಿಲ್ಟರಿನಿಂದ ಬೇಡದ ಭಾಗಗಳನ್ನು ಸೋಸಿ, ಅದು ದೂರದಿಂದ ಬಂದು ಹಾದುಹೋಗುವ ಹಾಗೆ ಮಾಡಿದರು ಡೆಲಿಯಾ. ಕವಿತೆಯ ಒಂದು ಪದವನ್ನು ಸದ್ದಾಗಿಸುವ ಈ ಕೆಲಸಕ್ಕೆ ಸ್ಟುಡಿಯೋ ಸಹಾಯಕಿಯ ಹುದ್ದೆಯ ಹೆಸರು ಸಾಲುವುದಿಲ್ಲ.

ಮೇಲೆ ತೇಲುವ ಮಟ್ಟಿನ ಮಾತೇ ಬೇರೆ. ಅದು ತಂತಿಯದ್ದಲ್ಲ, ಆಸಿಲೇಟರಿನದ್ದು. ಪರೀಕ್ಷೆಯ ಆಸಿಲೇಟರಿಗೆ ಮೆಟ್ಟಿಲುಗಳಿಲ್ಲ, ಮನೆಗಳಿಲ್ಲ. ಒಂದು ಗುಂಡಿ ಇರುತ್ತದೆ. ತಿರುಗಿಸಿದಂತೆ ಸ್ವರ ಜಾರುತ್ತ ಏರುತ್ತದೆ, ಜಾರುತ್ತ ಇಳಿಯುತ್ತದೆ. ಇಂತಿಷ್ಟು ಹೊತ್ತಿನಲ್ಲಿ ಇಲ್ಲಿಂದ ಇಲ್ಲಿಗೆ ಎಂದು ಗುಂಡಿಯನ್ನು ಕೈಯಿಂದಲೇ ತಿರುಗಿಸಿ ಆ ಮಟ್ಟನ್ನು ಮುದ್ರಿಸಿಕೊಂಡರು. ಕರ್ನಾಟಕ ಸಂಗೀತ ಕೇಳಿ ಬೆಳೆದವರಿಗೆ ಇಲ್ಲಿ ಥಟ್ಟನೆ ಕಿವಿ ನೆಟ್ಟಗಾಗುತ್ತದೆ, ಯಾಕೆಂದರೆ ಅದು ಜಾರು. ಸ್ವರದಿಂದ ಸ್ವರಕ್ಕೆ ಹೋಗುವ ದಾರಿಯೇ ಸ್ವರದಷ್ಟು ಮುಖ್ಯ ಎಂಬುದನ್ನು ನಾವು ಹೊಸದಾಗಿ ಕಲಿಯಬೇಕಾಗಿಲ್ಲ. ಬೇಗ ಜಾರಿದರೆ ಒಂದು ಭಾವ, ತಡೆದು ಜಾರಿದರೆ ಇನ್ನೊಂದು. ಡಾಕ್ಟರ್ ಹೂ ಮಟ್ಟಿನಲ್ಲಿ ಇರುವ ಆ ಅಪರಿಚಿತ ಅಳುಕು ಸ್ವರಗಳ ಆಯ್ಕೆಯಿಂದ ಬಂದದ್ದಕ್ಕಿಂತ ಈ ಜಾರಿನ ವೇಗದಿಂದ ಬಂದದ್ದು ಎಂದು ನನ್ನ ಕಿವಿ ಹೇಳುತ್ತದೆ. ಅದೇ ಸ್ವರಗಳನ್ನು ಪಿಯಾನೋದಲ್ಲಿ ಒತ್ತಿ ನೋಡಿದರೆ ಮಟ್ಟು ಗುರುತು ಸಿಗುತ್ತದೆ, ಅಳುಕು ಸಿಗುವುದಿಲ್ಲ.

ತಳದ ನಡೆ ಒಂದು ಟೇಪು, ಮಟ್ಟು ಒಂದು ಟೇಪು, ಮೋಡ ಗಾಳಿಗಳದ್ದು ಇನ್ನೊಂದು. ಹಲವು ಟ್ರ್ಯಾಕುಗಳನ್ನು ಒಂದೇ ಟೇಪಿನಲ್ಲಿ ಹಿಡಿಯುವ ಯಂತ್ರ ಅಲ್ಲಿರಲಿಲ್ಲ. ಎಲ್ಲ ಟೇಪುಗಳನ್ನೂ ಬೇರೆ ಬೇರೆ ಯಂತ್ರಗಳಿಗೆ ಏರಿಸಿ, ಒಂದೇ ಕ್ಷಣಕ್ಕೆ ಚಾಲೂ ಮಾಡಿ, ಒಟ್ಟು ಸದ್ದನ್ನು ಮತ್ತೊಂದರಲ್ಲಿ ಮುದ್ರಿಸಿಕೊಳ್ಳಬೇಕು. ಹಾಗೆ ಓಡಿಸಿದಾಗ ಎಲ್ಲೋ ಒಂದು ಸ್ವರ ತಪ್ಪಿದೆ ಅನ್ನಿಸಿತು. ಎಲ್ಲಿ ಎಂದು ಕೇಳಿ ಹಿಡಿಯಲಾಗಲಿಲ್ಲ. ಡೆಲಿಯಾ ಮತ್ತು ಮಿಲ್ಸ್ ಟೇಪುಗಳನ್ನು ಬಿಚ್ಚಿ, ಮೈಡಾ ವೇಲ್‌ನ ಉದ್ದನೆಯ ಕಾರಿಡಾರಿನಲ್ಲಿ ಒಂದರ ಪಕ್ಕ ಒಂದನ್ನು ಹಾಸಿ, ಅಂಟಿಸಿದ ಜಾಗಗಳನ್ನು ಜೋಡಿ ನೋಡುತ್ತ ನಡೆದರು. ಒಂದು ಕಡೆ ಒಂದು ಅಂಟು ಪಕ್ಕದ್ದಕ್ಕೆ ಸರಿಹೊಂದದೆ ಹಿಂದೆ ಬಿದ್ದಿತ್ತು. ಸಂಗೀತವನ್ನು ನೆಲಕ್ಕೆ ಹಾಸಿ ಅದರ ಉದ್ದಕ್ಕೂ ನಡೆದು ತಪ್ಪು ಹುಡುಕಿದ ಈ ಪ್ರಸಂಗವನ್ನು ಮಿಲ್ಸ್ ಅನೇಕ ಸಲ ಹೇಳಿದ್ದಾರೆ. ಅದನ್ನು ಓದಿದಾಗಲೆಲ್ಲ ನನಗೆ ಅವರ ತಾಳ್ಮೆಗಿಂತ ಅವರ ಕಿವಿಯ ಬಗ್ಗೆಯೇ ಗೌರವ ಹೆಚ್ಚುತ್ತದೆ. ಬೇರೆಯವರು ಇರಲಿ ಬಿಡು ಎನ್ನುತ್ತಿದ್ದ ತಪ್ಪನ್ನು ಅವರು ಬಿಡಲಿಲ್ಲ.

ಸಂಗೀತ 1963ರ ನವೆಂಬರ್ 23ರಂದು ಪ್ರಸಾರವಾಯಿತು. ಕೇಳಿದ ಗ್ರೇನರ್‌ಗೆ ಇದು ತನ್ನದೇ ಮಟ್ಟು ಎಂದು ನಂಬಲಾಗಲಿಲ್ಲ. ಸಂಯೋಜನೆಯ ಗೌರವಧನದಲ್ಲಿ ಅರ್ಧ ಡೆಲಿಯಾಗೆ ಹೋಗಲಿ ಎಂದು ಅವರು ಕೇಳಿಕೊಂಡರು. ಬಿಬಿಸಿಯ ನಿಯಮ ಅದಕ್ಕೆ ಒಪ್ಪಲಿಲ್ಲ. ಪರದೆಯ ಮೇಲೆ ಬಂದದ್ದು ಗ್ರೇನರ್ ಹೆಸರು ಮತ್ತು ವರ್ಕ್‌ಶಾಪಿನ ಹೆಸರು. ಡೆಲಿಯಾ ಹೆಸರು ಆ ಧಾರಾವಾಹಿಯ ಪರದೆಯ ಮೇಲೆ ಬರಲು 50 ವರ್ಷ ಹಿಡಿಯಿತು; 2013ರ ಸುವರ್ಣ ವರ್ಷದ ಕಂತಿನಲ್ಲಿ ಅದು ಕಾಣಿಸಿತು. ತಂತ್ರ ಬೇರೆ, ಸಂಗೀತ ಬೇರೆ ಎಂಬ ವಿಂಗಡಣೆ ಮಾತಿನ ಮಟ್ಟದಲ್ಲಿ ಉಳಿಯುವುದಿಲ್ಲ. ಅದು ಕಚೇರಿಯ ಕಡತಕ್ಕೆ ಹೋದಾಗ ಯಾರ ಹೆಸರು ಉಳಿಯುತ್ತದೆ, ಯಾರದ್ದು ಅಳಿಯುತ್ತದೆ ಎಂಬುದನ್ನೂ ತೀರ್ಮಾನಿಸುತ್ತದೆ.

ಅದೇ ವರ್ಕ್‌ಶಾಪಿನ ಜಾನ್ ಬೇಕರ್ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಅವರು ಜಾಝ್ ಪಿಯಾನೋ ನುಡಿಸುತ್ತಿದ್ದವರು. ಬಾಟಲಿಯಿಂದ ನೀರು ಸುರಿಯುವ ಗಳಗಳ ಸದ್ದಿನಂಥವನ್ನು ಹಿಡಿದು, ಕತ್ತರಿಸಿ, ಕುಣಿಯುವಂಥ ಪುಟ್ಟ ಮಟ್ಟುಗಳನ್ನು ಕಟ್ಟುತ್ತಿದ್ದರು. ಟೇಪಿನ ತುಂಡುಗಳನ್ನು ಲೆಕ್ಕಕ್ಕೆ ಸರಿಯಾಗಿ ಕತ್ತರಿಸಿದರೆ ಲಯ ಗಡಿಯಾರದಂತೆ ಬರುತ್ತದೆ, ಜಾಝ್‌ನ ತೂಗು ಬರುವುದಿಲ್ಲ. ಬೇಕರ್ ಕೃತಿಗಳಲ್ಲಿ ಆ ತೂಗು ಇದೆ. ತುಂಡುಗಳು ಕೂದಲೆಳೆಯಷ್ಟು ಉದ್ದ ಗಿಡ್ಡ ಆದಾಗ ಮಾತ್ರ ಅದು ಹುಟ್ಟುತ್ತದೆ. ಡೆಲಿಯಾ ಲೆಕ್ಕದಿಂದ ಹೊರಟು ಕಿವಿಗೆ ಬಂದರು, ಬೇಕರ್ ಕಿವಿಯಿಂದ ಹೊರಟು ಸ್ಕೇಲಿಗೆ ಬಂದರು. ಇಬ್ಬರ ಮೇಜಿನ ಮೇಲಿದ್ದ ಬ್ಲೇಡು ಒಂದೇ, ಕೇಳಿಸುವ ಮನೋಧರ್ಮ ಪೂರಾ ಬೇರೆ.

ಡೆಲಿಯಾ ಕೃತಿಗಳಲ್ಲಿ ನನಗೆ ಎಲ್ಲಕ್ಕಿಂತ ಮೇಲೆನಿಸುವುದು ಡಾಕ್ಟರ್ ಹೂ ಅಲ್ಲ, ‘ಬ್ಲೂ ವೇಲ್ಸ್ ಅಂಡ್ ಗೋಲ್ಡನ್ ಸ್ಯಾಂಡ್ಸ್’. 1960ರ ದಶಕದ ಕೊನೆಗೆ ಬಿಬಿಸಿಯ ಒಂದು ಸಾಕ್ಷ್ಯಚಿತ್ರಕ್ಕೆ ಮಾಡಿದ್ದು. ಸಹಾರಾ ಮರುಭೂಮಿಯಲ್ಲಿ ಒಂಟೆಗಳ ಮೇಲೆ ಸಾಗುವ, ನೀಲಿ ಮುಸುಕು ತೊಡುವ ಟುವಾರೆಗ್ ಜನರ ಬಗೆಗಿನ ಚಿತ್ರ. ಬಿಸಿಲಿನ ಝಳ, ದಿಗಂತ ನಡುಗುವುದು, ಗುರಿ ಕಾಣದ ನಿಧಾನ ನಡಿಗೆ, ಇವೆಲ್ಲ ಸದ್ದಾಗಬೇಕು. ಅದಕ್ಕೆ ಅವರು ಆರಿಸಿಕೊಂಡದ್ದು ವರ್ಕ್‌ಶಾಪಿನಲ್ಲಿದ್ದ ಹಸಿರು ಬಣ್ಣದ ಹಳೆಯ ಲೋಹದ ಲ್ಯಾಂಪ್‌ಶೇಡನ್ನು. ಬಡಿದರೆ ಅದು ಗಂಟೆಯ ಹಾಗೆ ಮೊಳಗುತ್ತಿತ್ತು.

ಬಡಿದ ಲೋಹದ ಸದ್ದಿನಲ್ಲಿ ಎರಡು ಭಾಗ ಇರುತ್ತದೆ. ಮೊದಲು ಪೆಟ್ಟು, ಆಮೇಲೆ ಮೊಳಗು. ಇದು ಏನು, ಯಾವುದರಿಂದ ಬಡಿದದ್ದು ಎಂದು ಕಿವಿ ಗುರುತಿಸುವುದು ಬಹುಮಟ್ಟಿಗೆ ಮೊದಲ ಭಾಗದಿಂದ. ಶೆಫರ್ ಪ್ಯಾರಿಸ್ಸಿನಲ್ಲಿ ಗಂಟೆಯ ಪೆಟ್ಟನ್ನು ಕತ್ತರಿಸಿ ಮೊಳಗನ್ನಷ್ಟೇ ಕೇಳಿದಾಗ ಗಂಟೆ ಗಂಟೆಯಾಗಿ ಉಳಿಯಲಿಲ್ಲ. ಡೆಲಿಯಾ ಕೂಡ ಲ್ಯಾಂಪ್‌ಶೇಡಿನ ಪೆಟ್ಟನ್ನು ಬಿಟ್ಟು, ಅದು ತಣ್ಣಗಾದ ಮೇಲಿನ ಮೊಳಗನ್ನಷ್ಟೇ ಮೆಲ್ಲನೆ ಮೇಲೆತ್ತಿ ಹಿಡಿದರು. ಎಲ್ಲಿಂದ ಶುರುವಾಯಿತೆಂದೇ ತಿಳಿಯದ ಒಂದು ಹೊಳಪು ಹಾಗೆ ಸಿಕ್ಕಿತು. ಅವರು ಅಲ್ಲಿಗೆ ನಿಲ್ಲಲಿಲ್ಲ. ಆ ಮೊಳಗಿನೊಳಗೆ ಯಾವ ಯಾವ ಆವರ್ತನಗಳಿವೆ ಎಂದು ಬಿಡಿಸಿ ನೋಡಿ, ಎಲ್ಲಕ್ಕಿಂತ ಬಲವಾದ 12ನ್ನು ಆರಿಸಿಕೊಂಡು, ವರ್ಕ್‌ಶಾಪಿನ 12 ಆಸಿಲೇಟರುಗಳಲ್ಲಿ ಒಂದೊಂದನ್ನು ಒಂದೊಂದಕ್ಕೆ ಕೂಡಿಸಿ ಆ ಸದ್ದನ್ನು ಮತ್ತೆ ಕಟ್ಟಿದರು. ಪ್ಯಾರಿಸ್ಸಿನವರು ಮುದ್ರಿಸಿದ ಸದ್ದನ್ನು ಹಿಡಿದು ಹೊರಟವರು, ಕಲೋನ್‌ನವರು ಆಸಿಲೇಟರನ್ನು ಹಿಡಿದು ಹೊರಟವರು. ಆ ಎರಡೂ ದಾರಿಗಳನ್ನು ಈಕೆ ಒಂದು ಲ್ಯಾಂಪ್‌ಶೇಡಿನ ಮೇಲೆ ಕೂಡಿಸಿಬಿಟ್ಟರು, ಯಾವ ಘೋಷಣೆಯೂ ಇಲ್ಲದೆ.

ತಂತಿಯ ಮೇಲಿನ ಸ್ವರದಲ್ಲಿ ಮೂಲ ಆವರ್ತನದ ಎರಡು, ಮೂರು, ನಾಲ್ಕು ಪಟ್ಟಿನ ಉಪಸ್ವರಗಳು ಓರಣವಾಗಿ ನಿಂತಿರುತ್ತವೆ. ಅದಕ್ಕೇ ಶ್ರುತಿ ಸ್ಪಷ್ಟ. ಲೋಹದ ಬೋಗುಣಿ, ಗಂಟೆ, ಲ್ಯಾಂಪ್‌ಶೇಡುಗಳಲ್ಲಿ ಈ ಓರಣ ಇರುವುದಿಲ್ಲ. ಉಪಸ್ವರಗಳು ಅಡ್ಡಾದಿಡ್ಡಿ ನಿಂತು ಒಂದನ್ನೊಂದು ತಾಗುತ್ತ ಅಲೆಯುತ್ತವೆ, ಶ್ರುತಿ ಇಲ್ಲಿದೆ ಎಂದು ಬೆರಳಿಟ್ಟು ತೋರಿಸಲಾಗುವುದಿಲ್ಲ. ಮರುಭೂಮಿಯ ಝಳಕ್ಕೆ ಇದಕ್ಕಿಂತ ತಕ್ಕ ಸದ್ದು ಬೇರೆ ಯಾವುದಿತ್ತು? ತಂಬೂರಿಯ ಕುದುರೆಯ ಮೇಲೆ ನೂಲಿನೆಳೆ ಸರಿಸಿ ‘ಜೀವ’ ಹಿಡಿಯುವವರನ್ನು ನೋಡಿದ್ದರೆ ಡೆಲಿಯಾ ಹುಡುಕುತ್ತಿದ್ದುದು ಏನೆಂದು ಕೂಡಲೇ ಅರ್ಥವಾಗುತ್ತದೆ: ಸ್ವರದ ಒಳಗಿನ ಚಲನೆ. ಬೆಂಗಳೂರಿನಲ್ಲಿ ಎಲೆಕ್ಟ್ರಾನಿಕ್ ತಂಬೂರಿಯನ್ನು ರೂಪಿಸಿದ ರಾಡೆಲ್‌ನ ಜಿ. ರಾಜ್ ನಾರಾಯಣ್ ಎಂಜಿನಿಯರೂ ಹೌದು, ಕೊಳಲು ವಾದಕರೂ ಹೌದು. ಅಂಥ ಕೆಲಸಕ್ಕೆ ಸರ್ಕ್ಯೂಟು ಬಲ್ಲ ಕೈಯೂ ಶ್ರುತಿ ಬಲ್ಲ ಕಿವಿಯೂ ಒಬ್ಬರಲ್ಲೇ ಇರಬೇಕಾಗುತ್ತದೆ.

ಆ ಕೃತಿಯಲ್ಲಿ ಡೆಲಿಯಾ ತಮ್ಮದೇ ದನಿಯನ್ನೂ ಸಣ್ಣ ಸಣ್ಣ ತುಣುಕಾಗಿ ಕತ್ತರಿಸಿ ಒಂಟೆಗಳ ಹೆಜ್ಜೆಯಾಗಿ ಬಳಸಿದ್ದಾರೆ. ಹೇಳದಿದ್ದರೆ ಅದು ದನಿಯೆಂದು ತಿಳಿಯುವುದಿಲ್ಲ. ಹೇಳಿದ ಮೇಲೂ ನನಗೆ ಅದು ದೂರದ ಉಸಿರಿನಂತಷ್ಟೇ ಕೇಳಿಸುತ್ತದೆ.

ಇನ್ನು, ತಂತ್ರ ಬೆಳೆದರೆ ಸಂಗೀತ ತಾನಾಗಿ ಬೆಳೆಯುತ್ತದೆಯೇ ಎಂಬ ಪ್ರಶ್ನೆ. ಅದಕ್ಕೆ ವರ್ಕ್‌ಶಾಪಿನ ಚರಿತ್ರೆಯಲ್ಲೇ ಒಂದು ಪರೀಕ್ಷೆ ನಡೆದುಹೋಗಿದೆ. 1970ರ ಹೊತ್ತಿಗೆ ಲಂಡನ್ನಿನ ಇಎಂಎಸ್ ಕಂಪನಿಯ ಸಿಂಥಿ 100 ಎಂಬ ಬೃಹತ್ ಸಿಂಥಸೈಸರ್ ಮೈಡಾ ವೇಲ್‌ಗೆ ಬಂತು. ಸ್ಟುಡಿಯೋ ಇದ್ದ ಬೀದಿಯ ಹೆಸರನ್ನೇ ಇಟ್ಟು ಅದನ್ನು ‘ಡೆಲವೇರ್’ ಎಂದು ಕರೆದರು. ಆಸಿಲೇಟರುಗಳು, ಫಿಲ್ಟರುಗಳು, ಸ್ವರಸಾಲನ್ನು ತಾನೇ ನೆನಪಿಟ್ಟು ನುಡಿಸುವ ಸೀಕ್ವೆನ್ಸರು, ಎಲ್ಲ ಅದರೊಳಗೇ. 1972ರಲ್ಲಿ ಪ್ಯಾಡಿ ಕಿಂಗ್ಸ್‌ಲ್ಯಾಂಡ್ ಮತ್ತು ಬ್ರಯನ್ ಹಾಡ್ಜ್‌ಸನ್, ಡೆಲಿಯಾ ಜೊತೆಗಿದ್ದಂತೆ, ಡಾಕ್ಟರ್ ಹೂ ಸಂಗೀತವನ್ನು ಆ ಯಂತ್ರದಲ್ಲಿ ಹೊಸದಾಗಿ ಮಾಡಿದರು. ಅದೇ ಮಟ್ಟು, ಅದೇ ಲಯ, ಮೊದಲ ಸಲ ಮಾಡಿದವರೇ ಎದುರಿಗೆ. ಆದರೂ ಅದು ಮೇಲಿನವರಿಗೆ ಹಿಡಿಸಲಿಲ್ಲ, ಬದಿಗಿಟ್ಟರು. ಆಸ್ಟ್ರೇಲಿಯಾಕ್ಕೆ ಮಾರಿದ ಕೆಲವು ಕಂತುಗಳಲ್ಲಿ ಕಣ್ತಪ್ಪಿ ಉಳಿದುಕೊಂಡಿತು.

ಆ ರೂಪವನ್ನು ಈಗಲೂ ಕೇಳಬಹುದು. ತಳದ ನಡೆ ಮೋರ್ಸಿಂಗ್‌ನಂತೆ ಟಂಯ್ ಟಂಯ್ ಎನ್ನುತ್ತದೆ. ಪ್ರತಿ ಸ್ವರವೂ ಹಿಂದಿನದರಂತೆಯೇ ಹುಟ್ಟಿ, ಹಿಂದಿನದರಂತೆಯೇ ಮುಗಿಯುತ್ತದೆ. 1963ರದ್ದರಲ್ಲಿ ಹಾಗಿಲ್ಲ. ಅಲ್ಲಿ ಕೆಲವು ಸ್ವರಗಳಿಗೆ ಕೆಳಗಿನಿಂದ ಚೂರು ಜಾರಿಕೊಂಡು ಬರುವ ಮುನ್ನೊತ್ತು ಇದೆ, ಕೆಲವಕ್ಕಿಲ್ಲ. ಒಂದೊಂದು ತುಂಡನ್ನೂ ಬೇರೆಯಾಗಿ ಹಿಡಿದು ಬೇರೆಯಾಗಿ ಯೋಚಿಸಿದ್ದರ ಗುರುತು ಅದು. ಕೈಗೆ ಬೇರೆ ದಾರಿ ಇಲ್ಲದ್ದರಿಂದ 1963ರಲ್ಲಿ ಪ್ರತಿ ಸ್ವರವನ್ನೂ ತೀರ್ಮಾನಿಸಲೇಬೇಕಿತ್ತು. 1972ರಲ್ಲಿ ಯಂತ್ರ ಆ ಶ್ರಮವನ್ನು ತೆಗೆದುಕೊಂಡಿತು, ಶ್ರಮದ ಜೊತೆಗೇ ತೀರ್ಮಾನಗಳೂ ಹೋದವು. ಡೆಲಿಯಾ 1973ರಲ್ಲಿ ಬಿಬಿಸಿ ಬಿಟ್ಟರು.

ಇಲ್ಲಿಗೆ ನಿಲ್ಲಿಸಿ ಟೇಪು ಒಳ್ಳೆಯದು, ಸಿಂಥಸೈಸರ್ ಕೆಟ್ಟದ್ದು ಎಂದುಬಿಟ್ಟರೆ ಅನ್ಯಾಯವಾಗುತ್ತದೆ. 1980ರಲ್ಲಿ ಪೀಟರ್ ಹಾವೆಲ್ ಅದೇ ವರ್ಕ್‌ಶಾಪಿನಲ್ಲಿ ಯಮಹಾ ಸಿಎಸ್-80, ಆರ್ಪ್ ಒಡಿಸ್ಸಿ ಸಿಂಥಸೈಸರುಗಳನ್ನು ಬಳಸಿ ಅದೇ ಸಂಗೀತವನ್ನು ಮತ್ತೆ ಮಾಡಿದರು, ಅದು ಗೆದ್ದಿತು. ಅವರು ಹಳೆಯದನ್ನು ಯಂತ್ರಕ್ಕೆ ಉಣಿಸಿ ಸುಮ್ಮನಾಗಲಿಲ್ಲ. ಮೂಲದಲ್ಲಿ ಸ್ವರಗಳು ಹುಟ್ಟುವ ಮುನ್ನ ಏನಾಗುತ್ತದೆ ಎಂದು ಕಿವಿಗೊಟ್ಟು ಕೇಳಿ, ಟೇಪನ್ನು ಹಿಮ್ಮುಖವಾಗಿ ಓಡಿಸಿ ಸ್ವರಕ್ಕೆ ಮುಂಚೆ ಬರುವ ಒಂದು ಸೆಳೆತವನ್ನು ಸೇರಿಸಿದರು. ಸುಲಭವಾಗಿ ಆಗುವ ಕೆಲಸವನ್ನು ಬೇಕೆಂದೇ ನಿಧಾನ ಮಾಡಿಕೊಂಡರು. ಇವತ್ತು ಲ್ಯಾಪ್‌ಟಾಪಿನ ಮುಂದೆ ಕೂತು ಎಲೆಕ್ಟ್ರಾನಿಕ್ ಸಂಗೀತ ಮಾಡುವ ಬೆಂಗಳೂರಿನ ಹುಡುಗ ಹುಡುಗಿಯರಿಗೆ ಈ ಮೂರು ರೂಪಗಳನ್ನು ಒಂದರ ಹಿಂದೊಂದು ಕೇಳಿ ಎಂದು ಹೇಳಬೇಕೆನಿಸುತ್ತದೆ. ಪರದೆಯ ಮೇಲಿನ ಚೌಕಗಳಲ್ಲಿ ಸ್ವರ ಇಟ್ಟರೆ ಸಾಫ್ಟ್‌ವೇರು ಅದನ್ನು ತಾನೇ ಲಯಕ್ಕೆ ಎಳೆದು ಕೂರಿಸುತ್ತದೆ, ಶ್ರುತಿಗೆ ತಿದ್ದುತ್ತದೆ. ಅದು ಕೂರಿಸಿದ ಜಾಗ ನಿಮಗೆ ಬೇಕಾದ ಜಾಗವೇ ಎಂದು ಕೇಳಿಕೊಳ್ಳಲು ಯಾರೂ ಒತ್ತಾಯಿಸುವುದಿಲ್ಲ. ಡೆಲಿಯಾಗೆ ಬ್ಲೇಡು ಒತ್ತಾಯಿಸುತ್ತಿತ್ತು. ಈಗ ಆ ಒತ್ತಾಯವನ್ನು ತಾವೇ ತಂದುಕೊಳ್ಳಬೇಕು, ಮತ್ತು ತಂದುಕೊಳ್ಳುವವರು ಇದ್ದಾರೆ. ಒಂದು ಸದ್ದಿನೊಳಗೆ ವಾರಗಟ್ಟಲೆ ಕೂರುವವರ ಕೃತಿಗಳನ್ನು ಕೇಳಿದ ಕೂಡಲೇ ಗೊತ್ತಾಗುತ್ತದೆ.

ಬಿಬಿಸಿ ಬಿಟ್ಟ ಮೇಲೆ ಡೆಲಿಯಾ ಬಹಳ ವರ್ಷ ಸಂಗೀತದಿಂದ ದೂರವಿದ್ದರು. 2001ರ ಜುಲೈಯಲ್ಲಿ ತೀರಿಕೊಂಡರು. ಅವರ ಮನೆಯ ಅಟ್ಟದ ಮೇಲೆ 267 ಟೇಪುಗಳು ಸಿಕ್ಕವು. ಅವು ಈಗ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಸಂಗ್ರಹದಲ್ಲಿವೆ, ಡಿಜಿಟಲ್ ರೂಪಕ್ಕೂ ಬಂದಿವೆ. ಅವುಗಳಲ್ಲಿ 1960ರ ದಶಕದ ಕೊನೆಯ ಒಂದು ಪುಟ್ಟ ತುಣುಕಿದೆ: ಒತ್ತೊತ್ತಾಗಿ ಬಡಿಯುವ ಲಯ, ಅದರ ಮೇಲೆ ಕೊರೆಯುವಂಥ ಸಣ್ಣ ಸದ್ದುಗಳು. 2008ರಲ್ಲಿ ಅದು ಬೆಳಕಿಗೆ ಬಂದಾಗ, ಇದು ನಿನ್ನೆ ಮೊನ್ನೆ ಮಾಡಿದ ನೃತ್ಯ ಸಂಗೀತದಂತಿದೆ ಎಂದು ಕೇಳಿದವರು ಬೆರಗಾದರು. ಟೇಪಿನಲ್ಲಿ ಡೆಲಿಯಾ ದನಿಯೂ ಇದೆ. ಇದನ್ನು ಲೆಕ್ಕಕ್ಕಿಡಬೇಡಿ, ಸುಮ್ಮನೆ ಕುತೂಹಲಕ್ಕೆ ಎಂಬ ಧಾಟಿಯಲ್ಲಿ ಅವರು ಒಂದು ಮಾತು ಹೇಳಿ ಮುಂದಿನ ಕೆಲಸಕ್ಕೆ ಹೋಗುತ್ತಾರೆ.